ಮನೆಯ ಹೊರಾಂಗಣ ಕಾಮಗಾರಿಗಳಿಗೆ ಬಾಳಿಕೆ ಬರುವ ಸಾಮಗ್ರಿಗಳ ಆಯ್ಕೆ – ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಮನೆ ಕಟ್ಟಿ ಮುಗಿಸಿದ ನಂತರ ಆವರಣ ಗೋಡೆ, ಗೇಟು, ಅಂಗಳದ ನೆಲಹಾಸು, ವಾಹನ ನಿಲ್ಲಿಸಲು ಶೀಟಿನ ಚಾವಣಿ, ಹೊರ ಮೆಟ್ಟಿಲು, ರೇಲಿಂಗು, ಸಂಪಿನ ಮುಚ್ಚಳ ಮುಂತಾದ ಹೊರಾಂಗಣ ಕಾಮಗಾರಿಗಳನ್ನು ಕೈಗೊಳ್ಳುವುದು ವಾಡಿಕೆ. ಆ ವೇಳೆಗೆ ಮನೆಗೆಂದು ತೆಗೆದಿರಿಸಿದ ಹಣ ಬಹುಪಾಲು ಮುಗಿದಿರುತ್ತದೆ. ಉಳಿದ ಹಣದಲ್ಲಿ, ಇಲ್ಲವೇ ಸಾಲ ಪಡೆದು, ಆ ದಿನ ಅಗ್ಗವಾಗಿ ದೊರೆತ ಸಾಮಗ್ರಿಯಿಂದ ಕೆಲಸ ಮುಗಿಸಲಾಗುತ್ತದೆ. ಆದರೆ ಮಳೆ, ಬಿಸಿಲು, ಉಪ್ಪುಗಾಳಿ ಮತ್ತು ಗೆದ್ದಲುಗಳಿಗೆ ಮನೆಯ ಇತರ ಎಲ್ಲ ಭಾಗಗಳಿಗಿಂತ ಹೆಚ್ಚಾಗಿ ಈಡಾಗುವುದು ಇದೇ ಹೊರಾಂಗಣ ಭಾಗ. ಪರಿಣಾಮವಾಗಿ ಸಾಲ ತೀರುವ ಮೊದಲೇ ಗೇಟು ತುಕ್ಕು ಹಿಡಿಯುವುದು, ಗೋಡೆ ವಾಲುವುದು ಹಾಗೂ ಸಂಪಿನ ಮುಚ್ಚಳ ಒಡೆಯುವುದು ಕಂಡುಬರುತ್ತದೆ.

ದುಬಾರಿಯಾದ ಸಾಮಗ್ರಿಯೆಲ್ಲವೂ ಬಾಳಿಕೆ ಬರುವುದಿಲ್ಲ. ಅಗ್ಗವಾದುದೆಲ್ಲವೂ ಬೇಗ ಹಾಳಾಗುವುದಿಲ್ಲ. ಸಾಮಗ್ರಿಯು ಆಯಾ ಊರಿನ ಹವಾಮಾನಕ್ಕೆ ಒಪ್ಪುವುದೇ, ಅದರ ಮೇಲೆ ಬಿದ್ದ ನೀರು ನಿಲ್ಲದೆ ಹರಿದುಹೋಗುವುದೇ ಎಂಬ ಎರಡು ಅಂಶಗಳ ಮೇಲೆ ಬಾಳಿಕೆಯು ಮುಖ್ಯವಾಗಿ ಅವಲಂಬಿಸಿದೆ. ಈ ಅಂಶಗಳನ್ನು ಗಮನದಲ್ಲಿರಿಸಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಪ್ರದೇಶವನ್ನು ಅರಿಯುವುದು

ಕರ್ನಾಟಕದ ಎಲ್ಲ ಭಾಗಗಳಿಗೂ ಒಂದೇ ಬಗೆಯ ಸಾಮಗ್ರಿ ಸೂಕ್ತವಾಗುವುದಿಲ್ಲ.

(ಅ) ಕರಾವಳಿ: ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಮತ್ತು ಉತ್ತರ ಕನ್ನಡದ ಕಡಲತಡಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಅಧಿಕ ಮಳೆಯಾಗುತ್ತದೆ. ಜೊತೆಗೆ ಗಾಳಿಯಲ್ಲಿ ಉಪ್ಪಿನಂಶವಿರುತ್ತದೆ. ಇಲ್ಲಿ ಕಬ್ಬಿಣವೇ ಮೊದಲು ಹಾಳಾಗುವ ವಸ್ತು.

(ಆ) ಮಲೆನಾಡು: ಆಗುಂಬೆಯಂತಹ ಸ್ಥಳಗಳಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ. ಉಪ್ಪಿನ ತೊಂದರೆ ಇಲ್ಲದಿದ್ದರೂ ತಿಂಗಳುಗಟ್ಟಲೆ ತೇವ ಆರುವುದಿಲ್ಲ. ಮರ, ಬಣ್ಣ ಮತ್ತು ಗಿಲಾವುಗಳಿಗೆ ಪಾಚಿ ಹಾಗೂ ಬೂಷ್ಟು ಹಿಡಿಯುತ್ತದೆ.

(ಇ) ಬಯಲುಸೀಮೆ: ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ವಿಜಯಪುರ ಮುಂತಾದ ಜಿಲ್ಲೆಗಳಲ್ಲಿ ಮಳೆ ಸಾಮಾನ್ಯವಾಗಿ 700 ಮಿ.ಮೀ. ಒಳಗೇ ಇರುತ್ತದೆ. ಇಲ್ಲಿ ಬಿಸಿಲಿನ ತಾಪವೇ ಮುಖ್ಯ ಶತ್ರು. ಪ್ಲಾಸ್ಟಿಕ್ ಮತ್ತು ಬಣ್ಣಗಳು ಬಿಸಿಲಿಗೆ ಸೊರಗುತ್ತವೆ. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಕಪ್ಪು ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದರ ಮೇಲಿನ ಗೋಡೆ ಹಾಗೂ ನೆಲಹಾಸು ಸೀಳುತ್ತವೆ.

3. ಆವರಣ ಗೋಡೆ

ಆಯಾ ಪ್ರದೇಶದಲ್ಲಿ ದೊರೆಯುವ ಕಲ್ಲು ಸಾಮಾನ್ಯವಾಗಿ ಅಲ್ಲಿನ ಹವೆಗೆ ಒಗ್ಗಿದುದಾಗಿರುತ್ತದೆ ಹಾಗೂ ಸಾಗಾಣಿಕೆ ವೆಚ್ಚವೂ ಕಡಿಮೆ. ಬಯಲುಸೀಮೆಯಲ್ಲಿ ಸೈಜುಗಲ್ಲು ಮತ್ತು ಕಲ್ಲು ಚಪ್ಪಡಿಗಳು ಉತ್ತಮ ಆಯ್ಕೆಯಾಗಿವೆ. ಗ್ರಾನೈಟು ಜಾತಿಯ ಈ ಕಲ್ಲುಗಳು ನೀರು ಹೀರುವುದು ಅತ್ಯಲ್ಪ. ಕರಾವಳಿಯಲ್ಲಿ ಕೆಂಪುಕಲ್ಲು (ಮುರಕಲ್ಲು, ಚಿರೆಕಲ್ಲು) ಬಳಕೆಯಲ್ಲಿದೆ. ಕೆಂಪುಕಲ್ಲು ನೆಲದಿಂದ ಕಡಿದು ತೆಗೆಯುವಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಗುಣ ಹೊಂದಿದೆ. ಆದ್ದರಿಂದ ಆಗತಾನೇ ಕಡಿದ ಕಲ್ಲನ್ನು ಬಳಸದೆ, ಕೆಲಕಾಲ ಬಯಲಿನಲ್ಲಿ ಒಣಗಿಸಿದ ಕಲ್ಲನ್ನು ಬಳಸತಕ್ಕದ್ದು. ಮಣ್ಣಿನ ಗಂಟುಗಳಿರುವ, ಬೆರಳಿನಿಂದ ಉಜ್ಜಿದರೆ ಪುಡಿಯಾಗುವ ಕಲ್ಲುಗಳನ್ನು ತಿರಸ್ಕರಿಸುವುದು.

ಇಟ್ಟಿಗೆಯನ್ನು ಬಳಸುವವರು ಸುಲಭವಾದ ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಒಣ ಇಟ್ಟಿಗೆಯನ್ನು ತೂಗಿ, 24 ಗಂಟೆಗಳ ಕಾಲ ನೀರಿನಲ್ಲಿ ಮುಳುಗಿಸಿಟ್ಟು, ಮೇಲ್ಮೈ ಒರೆಸಿ ಪುನಃ ತೂಗಬೇಕು. ತೂಕದ ಹೆಚ್ಚಳ ಶೇ 20ನ್ನು ಮೀರಬಾರದು. ಅಂದರೆ 3 ಕಿ.ಗ್ರಾಂ. ತೂಕದ ಇಟ್ಟಿಗೆಯು 600 ಗ್ರಾಂಗಿಂತ ಹೆಚ್ಚು ನೀರು ಹೀರಿದಲ್ಲಿ ಅದು ಹೊರಗೋಡೆಗೆ ಯೋಗ್ಯವಲ್ಲ.

ಗೋಡೆಯ ಆಯಸ್ಸನ್ನು ನಿರ್ಧರಿಸುವುದು ಅದರ ತಲೆ ಮತ್ತು ಬುಡ. ಗೋಡೆಯ ಮೇಲೆ ಇಳಿಜಾರಾದ ಕೋಪಿಂಗ್ ನೀಡಿ, ಅದು ಗೋಡೆಯಿಂದ ತುಸು ಹೊರಚಾಚುವಂತೆಯೂ, ಹೊರಚಾಚಿದ ಭಾಗದ ಅಡಿಯಲ್ಲಿ ನೀರು ತೊಟ್ಟಿಕ್ಕಲು ಗೆರೆ ಇರುವಂತೆಯೂ ನೋಡಿಕೊಳ್ಳಬೇಕು. ಇಲ್ಲವಾದಲ್ಲಿ ಮಳೆನೀರು ಮೇಲಿನಿಂದಲೇ ಗೋಡೆಯೊಳಗೆ ಇಳಿಯುತ್ತದೆ. ಎರೆಮಣ್ಣಿರುವಲ್ಲಿ ಬಿರುಕು ಬಿಡುವ ಪದರವನ್ನು ದಾಟಿ ತಳಪಾಯವನ್ನು ಇಳಿಸಿ, ತೆಗೆದ ಕಪ್ಪು ಮಣ್ಣಿನ ಬದಲಾಗಿ ಗರಸು ತುಂಬಿ ದಮ್ಮಸ್ಸು ಮಾಡಬೇಕು. ಉದ್ದನೆಯ ಗೋಡೆಯನ್ನು ಒಂದೇ ಅಖಂಡವಾಗಿ ಕಟ್ಟದೆ ನಡುನಡುವೆ ಸಂದುಗಳನ್ನು ಬಿಡುವುದು ಸೂಕ್ತ.

ವಿಶೇಷ ಸೂಚನೆ: ಒಂದು ಬದಿಯಲ್ಲಿ ಮಣ್ಣು ತುಂಬಿರುವ ಗೋಡೆಯು ಬರಿಯ ಆವರಣ ಗೋಡೆಯಲ್ಲ, ಅದು ಮಣ್ಣನ್ನು ತಡೆಯುವ ಗೋಡೆ. ಮಳೆಗಾಲದಲ್ಲಿ ಒದ್ದೆ ಮಣ್ಣಿನ ಭಾರದೊಡನೆ ನೀರಿನ ಒತ್ತಡವೂ ಅದರ ಮೇಲೆ ಬೀಳುತ್ತದೆ. ಇಂತಹ ಗೋಡೆಯನ್ನು ಇಂಜಿನಿಯರರಿಂದ ವಿನ್ಯಾಸ ಮಾಡಿಸಿಯೇ ಕಟ್ಟತಕ್ಕದ್ದು ಹಾಗೂ ನೀರು ಹೊರಬರಲು ಸಾಲಾಗಿ ಕೊಳವೆಯ ಕಿಂಡಿಗಳನ್ನು ಬಿಡತಕ್ಕದ್ದು. ಕಿಂಡಿಗಳ ಹಿಂಬದಿಯಲ್ಲಿ ಜಲ್ಲಿ ತುಂಬಿದರೆ ಅವು ಮಣ್ಣಿನಿಂದ ಕಟ್ಟಿಕೊಳ್ಳುವುದಿಲ್ಲ. 2024ರ ಜೂನ್ 26ರಂದು ಮಂಗಳೂರಿನ ಬಳಿಯ ಉಳ್ಳಾಲ ಭಾಗದಲ್ಲಿ ಭಾರಿ ಮಳೆಯ ನಡುವೆ ಆವರಣ ಗೋಡೆಯೊಂದು ಪಕ್ಕದ ಮನೆಯ ಮೇಲೆ ಕುಸಿದು ಒಂದೇ ಕುಟುಂಬದ ನಾಲ್ವರು ಮೃತಪಟ್ಟರು. ಗೋಡೆಯ ಗಟ್ಟಿತನವು ಕಟ್ಟಿಸಿದವರ ಹಣಕ್ಕೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಅದರ ಆಚೆ ಬದಿಯಲ್ಲಿ ವಾಸಿಸುವವರ ಜೀವಕ್ಕೂ ಸಂಬಂಧಿಸಿದೆ.

4. ಕಾಂಕ್ರೀಟು ಕೆಲಸ

ಹೊರಾಂಗಣದ ಕಂಬ, ಸಜ್ಜ, ಮೆಟ್ಟಿಲು ಮತ್ತು ಸಂಪಿನ ಮುಚ್ಚಳಗಳು ಒಡೆಯಲು ಒಳಗಿನ ಕಬ್ಬಿಣದ ತುಕ್ಕೇ ಸಾಮಾನ್ಯ ಕಾರಣ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸಿಡಿಯುತ್ತದೆ. ಇದನ್ನು ತಡೆಯುವುದು ಕಬ್ಬಿಣದ ಮೇಲಿರುವ ಕಾಂಕ್ರೀಟಿನ ಹೊದಿಕೆ. ಭಾರತೀಯ ಮಾನಕ ಐ.ಎಸ್. 456ರ ಪ್ರಕಾರ ಸೌಮ್ಯ ಪರಿಸರದಲ್ಲಿ ಈ ಹೊದಿಕೆ 20 ಮಿ.ಮೀ., ಮಧ್ಯಮ ಪರಿಸರದಲ್ಲಿ 30 ಮಿ.ಮೀ. ಇರಬೇಕು. ಕರಾವಳಿಯ ಪರಿಸರವನ್ನು ತೀವ್ರ ಎಂದು ವರ್ಗೀಕರಿಸಲಾಗಿದ್ದು, ಅಲ್ಲಿ 45 ಮಿ.ಮೀ. ಹೊದಿಕೆ ಅಗತ್ಯ. ಕಬ್ಬಿಣದ ಅಡಿಯಲ್ಲಿ ಜಲ್ಲಿಕಲ್ಲಿನ ಚೂರುಗಳನ್ನಿಡುವ ಬದಲು ನಿಗದಿತ ಅಳತೆಯ ಕವರ್ ಬ್ಲಾಕುಗಳನ್ನು ಇಡಿಸುವುದು.

ನೀರಿನ ಪ್ರಮಾಣವೂ ಅಷ್ಟೇ ಮುಖ್ಯ. ಮಧ್ಯಮ ಪರಿಸರದಲ್ಲಿ 50 ಕಿ.ಗ್ರಾಂ. ಸಿಮೆಂಟಿನ ಒಂದು ಚೀಲಕ್ಕೆ ಗರಿಷ್ಠ 25 ಲೀಟರ್ ಹಾಗೂ ತೀವ್ರ ಪರಿಸರದಲ್ಲಿ ಗರಿಷ್ಠ 22.5 ಲೀಟರ್ ನೀರು ಸಾಕು. ಮರಳು ಒದ್ದೆಯಿದ್ದಲ್ಲಿ ಇನ್ನೂ ಕಡಿಮೆ ಮಾಡಬೇಕು. ಕಲಸಲು ಸುಲಭವೆಂದು ಹೆಚ್ಚು ನೀರು ಸುರಿದರೆ, ಆ ನೀರು ಆರಿದ ನಂತರ ಉಳಿಯುವ ಸಣ್ಣ ರಂಧ್ರಗಳ ಮೂಲಕವೇ ಮಳೆನೀರು ಕಬ್ಬಿಣವನ್ನು ತಲುಪುತ್ತದೆ. ಕರಾವಳಿಯಲ್ಲಿ ಉಪ್ಪು ಮರಳು ಹಾಗೂ ಉಪ್ಪು ನೀರನ್ನು ಯಾವುದೇ ಕಾರಣಕ್ಕೂ ಬಳಸಬಾರದು.

ಪೊಜೊಲಾನ ಸಿಮೆಂಟು (ಪಿ.ಪಿ.ಸಿ.) ಮತ್ತು ಸ್ಲ್ಯಾಗ್ ಸಿಮೆಂಟುಗಳಿಂದ ಮಾಡಿದ ಕಾಂಕ್ರೀಟು ಉಪ್ಪಿನಂಶವನ್ನು ಒಳಬಿಡುವುದು ಕಡಿಮೆ. ಆದರೆ ಇವು ಶಕ್ತಿ ಪಡೆಯುವುದು ನಿಧಾನ. ಆದ್ದರಿಂದ ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ ನೀರುಣಿಸಿದರೆ ಸಾಕಾಗುವಲ್ಲಿ ಇವುಗಳಿಗೆ ಕನಿಷ್ಠ 10 ದಿನ ನೀರುಣಿಸಬೇಕು. ಒಣ ಹವೆಯ ಬಿಸಿಲು ಪ್ರದೇಶಗಳಲ್ಲಿ ಯಾವ ಸಿಮೆಂಟಿಗಾದರೂ 10 ದಿನಕ್ಕೆ ಕಡಿಮೆ ಮಾಡಬಾರದು. ಕ್ಯೂರಿಂಗಿಗೆ ತಗಲುವ ವೆಚ್ಚ ಅತ್ಯಲ್ಪ. ಅದರಿಂದ ದೊರೆಯುವ ಬಾಳಿಕೆಯನ್ನು ಆನಂತರ ಎಷ್ಟು ಹಣ ಕೊಟ್ಟರೂ ಪಡೆಯಲಾಗದು.

5. ಗೇಟು, ಗ್ರಿಲ್ಲು ಮತ್ತು ರೇಲಿಂಗು

ಸಾದಾ ಕಬ್ಬಿಣಕ್ಕೆ ಬಣ್ಣವೊಂದೇ ರಕ್ಷಣೆ. ಬಣ್ಣ ಎಲ್ಲಿ ಗೀರುವುದೋ ಅಲ್ಲಿಂದಲೇ ತುಕ್ಕು ಆರಂಭವಾಗುತ್ತದೆ. ಸತು ಲೇಪಿಸಿದ (ಜಿ.ಐ.) ಕಬ್ಬಿಣದಲ್ಲಿ ಲೇಪನ ಗೀರಿದರೂ ಸುತ್ತಲಿನ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಆದರೆ ಜಿ.ಐ. ಪೈಪುಗಳನ್ನು ವೆಲ್ಡಿಂಗ್ ಮಾಡಿದಾಗ ಆ ಜಾಗದ ಸತು ಸುಟ್ಟುಹೋಗುತ್ತದೆ. ಬೆಸುಗೆಯ ಜಾಗಗಳನ್ನು ಉಜ್ಜಿ, ಸತುವಿನಂಶ ಹೆಚ್ಚಿರುವ ಪ್ರೈಮರ್ ಬಳಿಸಿದ ನಂತರವೇ ಬಣ್ಣ ಹಚ್ಚಿಸುವುದು. ಗೇಟನ್ನು ಪೂರ್ಣವಾಗಿ ತಯಾರಿಸಿದ ಮೇಲೆ ಕರಗಿದ ಸತುವಿನಲ್ಲಿ ಅದ್ದಿಸುವುದು ಇನ್ನೂ ಉತ್ತಮ.

ಸ್ಟೇನ್‌ಲೆಸ್ ಸ್ಟೀಲಿನಲ್ಲಿಯೂ ದರ್ಜೆಗಳಿವೆ. ಅಗ್ಗದ 202 ದರ್ಜೆಯು ಹೊರಾಂಗಣಕ್ಕೆ ತಕ್ಕುದಲ್ಲ. 304 ದರ್ಜೆಯು ಒಳನಾಡಿಗೆ ಸಾಕು. ಸಮುದ್ರತೀರದಲ್ಲಿ ಅದರ ಮೇಲೂ ಕಂದು ಕಲೆಗಳು ಮೂಡುವುದರಿಂದ, ಮಾಲಿಬ್ಡಿನಂ ಬೆರೆತ 316 ದರ್ಜೆಯನ್ನು ಆರಿಸಬೇಕು. ಅಯಸ್ಕಾಂತ ಹಿಡಿದು ನೋಡುವುದರಿಂದ ದರ್ಜೆ ತಿಳಿಯುವುದಿಲ್ಲ. ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳುವುದೇ ಸರಿಯಾದ ಕ್ರಮ.

ಯಾವುದೇ ಲೋಹದ ಪೈಪನ್ನು ಬಳಸಿದರೂ ಅದರ ಮೇಲ್ತುದಿಯನ್ನು ಮುಚ್ಚಿಸಿ, ಕೆಳತುದಿಯಲ್ಲಿ ನೀರಿಳಿಯಲು ರಂಧ್ರವಿರಿಸಬೇಕು. ಕಂಬದ ಬುಡವು ಮಣ್ಣಿನಲ್ಲಿ ಹೂತಿರದೆ ನೆಲಮಟ್ಟಕ್ಕಿಂತ ಎತ್ತರದ ಕಾಂಕ್ರೀಟು ಪೀಠದ ಮೇಲಿರಬೇಕು. ಅಲ್ಯೂಮಿನಿಯಂ ಭಾಗಗಳಿಗೆ ಹಸಿ ಸಿಮೆಂಟು ಗಾರೆ ತಗಲದಂತೆಯೂ, ತಾಮ್ರದ ಸಂಪರ್ಕ ಬಾರದಂತೆಯೂ ಎಚ್ಚರ ವಹಿಸುವುದು.

6. ಹೊರ ಚಾವಣಿ

ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು. ಅಂದಿನಿಂದ ಬಳಕೆಗೆ ಬಂದ ಮಂಗಳೂರು ಹೆಂಚು ಅಧಿಕ ಮಳೆಯ ಪ್ರದೇಶಕ್ಕೆ ಇಂದಿಗೂ ಒಪ್ಪುವ ಸಾಮಗ್ರಿಯಾಗಿದೆ. ಇದಕ್ಕೆ ತುಕ್ಕಿಲ್ಲ, ಒಂದು ಹೆಂಚು ಒಡೆದರೆ ಅದೊಂದನ್ನೇ ಬದಲಿಸಬಹುದು. ಆದರೆ ಸಾಕಷ್ಟು ಇಳಿಜಾರು ಹಾಗೂ ಗಟ್ಟಿಯಾದ ಪಕಾಸಿ, ರೀಪುಗಳು ಅವಶ್ಯಕ.

ಲೋಹದ ಶೀಟುಗಳನ್ನು ಕೊಳ್ಳುವಾಗ ಬಣ್ಣಕ್ಕಿಂತ ಲೇಪನದ ತೂಕವನ್ನು ವಿಚಾರಿಸಬೇಕು. ಜಿ.ಐ. ಶೀಟಿನಲ್ಲಿ ಚದರ ಮೀಟರಿಗೆ ಎರಡೂ ಬದಿ ಸೇರಿ 120 ಗ್ರಾಂ ಸತು ಇರುವುದೂ ಉಂಟು, 275 ಗ್ರಾಂ ಇರುವುದೂ ಉಂಟು. ನೋಡಲು ಎರಡೂ ಒಂದೇ ತೆರನಾಗಿರುತ್ತವೆ. ಆದರೆ ಬಾಳಿಕೆಯು ಸತುವಿನ ಪ್ರಮಾಣಕ್ಕೆ ತಕ್ಕಂತೆ ಬದಲಾಗುತ್ತದೆ. ಹೇಳಲಾದ ದಪ್ಪವು ಉಕ್ಕಿನದೋ ಅಥವಾ ಲೇಪನ ಹಾಗೂ ಬಣ್ಣವೂ ಸೇರಿದ್ದೋ ಎಂಬುದನ್ನು ಸಹ ಕೇಳಿ ತಿಳಿಯುವುದು. ರಬ್ಬರ್ ವಾಷರ್ ಇರುವ, ಲೇಪಿತ ಸ್ಕ್ರೂಗಳನ್ನೇ ಬಳಸುವುದು. ಪಾಲಿಕಾರ್ಬೊನೇಟ್ ಶೀಟಿನ ಒಂದು ಬದಿಗೆ ಮಾತ್ರ ಬಿಸಿಲು ತಡೆಯುವ ಲೇಪನವಿದ್ದಲ್ಲಿ, ಆ ಬದಿಯನ್ನು ಮೇಲ್ಮುಖವಾಗಿಯೇ ಅಳವಡಿಸತಕ್ಕದ್ದು.

ಕಲ್ನಾರು (ಆಸ್‌ಬೆಸ್ಟಾಸ್) ಎಳೆಗಳು ಉಸಿರಿನೊಡನೆ ಒಳಸೇರಿದರೆ ಕ್ಯಾನ್ಸರಿಗೆ ಕಾರಣವಾಗುತ್ತವೆ. ಹೊಸ ಕೆಲಸಗಳಿಗೆ ಇದನ್ನು ಹೊಂದಿರುವ ಶೀಟುಗಳನ್ನು ಬಳಸದಿರುವುದು ಲೇಸು. ಈಗಾಗಲೇ ಇರುವ ಹಳೆಯ ಶೀಟುಗಳನ್ನು ಒಣಗಿರುವಾಗ ಕೊಯ್ಯುವುದು, ಕೊರೆಯುವುದು ಅಥವಾ ಒಡೆಯುವುದನ್ನು ಮಾಡಬಾರದು.

7. ಅಂಗಳದ ನೆಲಹಾಸು

ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಕಡಿಮೆ ಬೆಲೆಗೆ ದೊರೆಯುವ, ಬಹುಕಾಲ ಬಾಳುವ ನೆಲಹಾಸು. ಅದು ಸುಣ್ಣಕಲ್ಲಿನ ಜಾತಿಗೆ ಸೇರಿದ್ದರಿಂದ ಆಸಿಡ್ ಹಾಕಿ ತೊಳೆಯಬಾರದು. ಆಸಿಡ್ ಕಲ್ಲನ್ನೇ ತಿನ್ನುತ್ತದೆ. ಹೊಳಪು ನೀಡಿದ ಗ್ರಾನೈಟು ಮತ್ತು ನುಣುಪಾದ ಟೈಲುಗಳು ಮಳೆಯಲ್ಲಿ ಜಾರುವುದರಿಂದ, ವಿಶೇಷವಾಗಿ ವೃದ್ಧರಿರುವ ಮನೆಗಳಲ್ಲಿ, ಒರಟು ಮೇಲ್ಮೈಯ ಕಲ್ಲನ್ನೇ ಆರಿಸುವುದು. ಸಿಮೆಂಟಿನ ಪೇವರ್ ಬ್ಲಾಕುಗಳನ್ನು ನಡೆದಾಡುವ ಜಾಗಕ್ಕೆ 50 ಮಿ.ಮೀ., ಕಾರು ನಿಲ್ಲಿಸುವ ಜಾಗಕ್ಕೆ 60 ಮಿ.ಮೀ. ದಪ್ಪದಲ್ಲಿ ಬಳಸಬಹುದು. ಅಡಿಯಲ್ಲಿ ದಮ್ಮಸ್ಸು ಮಾಡಿದ ಜಲ್ಲಿಯ ಹಾಸು ಹಾಗೂ ಅಂಚುಗಳಲ್ಲಿ ಗಟ್ಟಿಯಾದ ತಡೆ ಇಲ್ಲದಿದ್ದರೆ ಎಂತಹ ಬ್ಲಾಕಾದರೂ ಕುಸಿಯುತ್ತದೆ.

ನೆಲಹಾಸಿನ ಇಳಿಜಾರು ಮನೆಯ ಗೋಡೆಯಿಂದ ಹೊರಮುಖವಾಗಿರಬೇಕು. ಅಂಗಳದ ಒಂದಿಷ್ಟು ಭಾಗವನ್ನು ಮಣ್ಣಾಗಿಯೇ ಉಳಿಸಿದಲ್ಲಿ ಮಳೆನೀರು ಅಲ್ಲಿಯೇ ಇಂಗಲು ಅನುಕೂಲವಾಗುತ್ತದೆ.

8. ಮರ ಮತ್ತು ಬಣ್ಣ

ತೇಗ, ಹೊನ್ನೆಯಂತಹ ಮರಗಳ ಚೇಗು ಮಾತ್ರ ಬಾಳಿಕೆ ಬರುತ್ತದೆ. ಹೊರಸುತ್ತಿನ ಬಿಳಿ ಮರವನ್ನು ಹುಳು ಹಾಗೂ ಗೆದ್ದಲು ಬೇಗ ತಿನ್ನುತ್ತವೆ. ತೇಗವೆಂದು ಕೊಂಡರೂ ಬಿಳಿ ಮರವೇ ಹೆಚ್ಚಾಗಿದ್ದಲ್ಲಿ ಪ್ರಯೋಜನವಿಲ್ಲ. ಮರವು ಮಣ್ಣನ್ನಾಗಲಿ ನಿಂತ ನೀರನ್ನಾಗಲಿ ಮುಟ್ಟದಂತೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಬೇಕು. ಎಂ.ಆರ್. ದರ್ಜೆಯ ಪ್ಲೈವುಡ್ ಒಳಾಂಗಣಕ್ಕೆ ಮಾತ್ರ ಮೀಸಲು.

ಹೊಸ ಗಿಲಾವು ಪೂರ್ಣವಾಗಿ ಆರುವ ಮುನ್ನ ಬಣ್ಣ ಹಚ್ಚಿದರೆ ಅದು ಗುಳ್ಳೆಯೆದ್ದು ಉದುರುತ್ತದೆ. ಆದ್ದರಿಂದ ಸುಮಾರು ನಾಲ್ಕು ವಾರಗಳ ಕಾಲ ಕಾಯುವುದು ಒಳಿತು. ಒದ್ದೆಯಾಗುವ ಹಳೆಯ ಗೋಡೆಗಳಿಗೆ ಸುಣ್ಣವೇ ಹೆಚ್ಚು ಸೂಕ್ತ. ಅದು ಒಳಗಿನ ತೇವವನ್ನು ಹೊರಹೋಗಲು ಬಿಡುತ್ತದೆ. ನೀರು ಸೋರುವ ಮೂಲವನ್ನು ಸರಿಪಡಿಸದೆ ದುಬಾರಿ ಬಣ್ಣ ಬಳಿಸುವುದು ವ್ಯರ್ಥ ಖರ್ಚು.

9. ವೆಚ್ಚವನ್ನು ಲೆಕ್ಕ ಹಾಕುವ ವಿಧಾನ

ಸಾಮಗ್ರಿಯ ಬೆಲೆಯನ್ನು ಕೊಂಡ ದಿನದ ದರದಿಂದ ಅಳೆಯದೆ, ಬಾಳಿಕೆಯ ಒಂದೊಂದು ವರ್ಷಕ್ಕೆ ತಗಲುವ ವೆಚ್ಚದಿಂದ ಅಳೆಯಬೇಕು. ಕೆಳಗಿನ ಅಂಕಿಗಳು ವಿಧಾನವನ್ನು ತಿಳಿಸಲು ಮಾತ್ರ ಊಹಿಸಿದವುಗಳಾಗಿದ್ದು, ತಮ್ಮ ಊರಿನ ದರಗಳನ್ನು ಬಳಸಿ ಲೆಕ್ಕ ಹಾಕುವುದು.

(ಅ) ಕರಾವಳಿಯಲ್ಲಿ ಸಾದಾ ಕಬ್ಬಿಣದ ಗೇಟು: ಬೆಲೆ ರೂ. 30,000, ಎರಡು ವರ್ಷಕ್ಕೊಮ್ಮೆ ಬಣ್ಣಕ್ಕೆ ರೂ. 4,000, ಬಾಳಿಕೆ 12 ವರ್ಷ. ಐದು ಬಾರಿ ಬಣ್ಣ ಸೇರಿ ಒಟ್ಟು ರೂ. 50,000. ವರ್ಷಕ್ಕೆ ಸುಮಾರು ರೂ. 4,167.

(ಆ) ಅಲ್ಲಿಯೇ ಸತುವಿನಲ್ಲಿ ಅದ್ದಿದ ಗೇಟು: ಬೆಲೆ ರೂ. 42,000, ಆರು ವರ್ಷಕ್ಕೊಮ್ಮೆ ಬಣ್ಣ, ಬಾಳಿಕೆ 24 ವರ್ಷ. ಮೂರು ಬಾರಿ ಬಣ್ಣ ಸೇರಿ ಒಟ್ಟು ರೂ. 54,000. ವರ್ಷಕ್ಕೆ ರೂ. 2,250.

(ಇ) ಒಣ ಹವೆಯ ಬಯಲುಸೀಮೆಯಲ್ಲಿ ಸಾದಾ ಕಬ್ಬಿಣದ ಗೇಟು: ಬೆಲೆ ರೂ. 30,000, ನಾಲ್ಕು ವರ್ಷಕ್ಕೊಮ್ಮೆ ಬಣ್ಣ, ಬಾಳಿಕೆ 24 ವರ್ಷ. ಐದು ಬಾರಿ ಬಣ್ಣ ಸೇರಿ ಒಟ್ಟು ರೂ. 50,000. ವರ್ಷಕ್ಕೆ ಸುಮಾರು ರೂ. 2,083.

ಕರಾವಳಿಯಲ್ಲಿ ರೂ. 12,000 ಹೆಚ್ಚು ತೆತ್ತವರಿಗೆ ಲಾಭವಾಗುತ್ತದೆ. ಬಯಲುಸೀಮೆಯಲ್ಲಿ ಅದೇ ಹಣವನ್ನು ತಳಪಾಯಕ್ಕೆ ವಿನಿಯೋಗಿಸುವುದು ಜಾಣತನ. ಸಾಲ ಪಡೆದು ಖರೀದಿಸುವವರು ಹೆಚ್ಚುವರಿ ಹಣದ ಮೇಲಿನ ಬಡ್ಡಿಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳತಕ್ಕದ್ದು.

10. ಖರೀದಿಯ ಸಮಯದಲ್ಲಿ ಗಮನಿಸಬೇಕಾದ ಅಂಶಗಳು

(ಅ) ಸಿಮೆಂಟಿನ ಚೀಲದ ಮೇಲೆ ಐ.ಎಸ್.ಐ. ಗುರುತು ಹಾಗೂ ತಯಾರಿಕೆಯ ವಾರ ಮತ್ತು ವರ್ಷವನ್ನು ನೋಡುವುದು. ಮೂರು ತಿಂಗಳಿಗೂ ಹಳೆಯದಾದ ಸಿಮೆಂಟನ್ನು ಪರೀಕ್ಷಿಸದೆ ಬಳಸಬಾರದು.

(ಆ) ಐ.ಎಸ್.ಐ. ಗುರುತಿನ ಜೊತೆಗೆ ಮುದ್ರಿತವಾಗಿರುವ ಪರವಾನಗಿ ಸಂಖ್ಯೆಯ ನೈಜತೆಯನ್ನು ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

(ಇ) ಮರಳನ್ನು ಗಾಜಿನ ಸೀಸೆಯಲ್ಲಿ ನೀರಿನೊಡನೆ ಕುಲುಕಿ ಕೆಲವು ಗಂಟೆ ಬಿಟ್ಟರೆ ಮಣ್ಣು ಮೇಲಿನ ಪದರವಾಗಿ ನಿಲ್ಲುತ್ತದೆ. ಆ ಪದರವು ದಪ್ಪವಾಗಿ ಕಂಡುಬಂದಲ್ಲಿ ಅಂತಹ ಮರಳನ್ನು ಬೇಡವೆನ್ನುವುದು.

(ಈ) ಸಾಮಗ್ರಿಯ ದರ್ಜೆ, ದಪ್ಪ, ಲೇಪನದ ತೂಕ ಮತ್ತು ವಾರಂಟಿಯ ಅವಧಿಯನ್ನು ನಮೂದಿಸಿದ ಬಿಲ್ಲನ್ನು ಪಡೆದು ಕಾಯ್ದಿರಿಸುವುದು. ಗುತ್ತಿಗೆದಾರರೊಡನೆ ಮಾಡಿಕೊಳ್ಳುವ ಕರಾರಿನಲ್ಲಿಯೂ ಇವೇ ವಿವರಗಳಿರಬೇಕು.

11. ಅನುಮತಿ ಮತ್ತು ದೂರು

ಕಾಮಗಾರಿ ಆರಂಭಿಸುವ ಮೊದಲು ಸಂಬಂಧಪಟ್ಟ ಗ್ರಾಮ ಪಂಚಾಯತಿ ಅಥವಾ ನಗರ ಸ್ಥಳೀಯ ಸಂಸ್ಥೆಯಲ್ಲಿ ಅನುಮತಿಯ ಅಗತ್ಯ, ಗೋಡೆಯ ಎತ್ತರ ಹಾಗೂ ರಸ್ತೆ ಬದಿಯಲ್ಲಿ ಬಿಡಬೇಕಾದ ಅಂತರಗಳ ಬಗ್ಗೆ ವಿಚಾರಿಸತಕ್ಕದ್ದು. ಜಮೀನಿನ ಗಡಿಯ ಬಗ್ಗೆ ಸಂದೇಹವಿದ್ದಲ್ಲಿ ಹದ್ದುಬಸ್ತಿಗಾಗಿ ಅರ್ಜಿ ಸಲ್ಲಿಸಿ, ಅಳತೆಯಾದ ನಂತರವೇ ಗೋಡೆ ಕಟ್ಟುವುದು ಕ್ಷೇಮ. ಬಾಳಿಕೆ ಬರುವ ಗೋಡೆಯು ತಪ್ಪಾದ ಗಡಿಯಲ್ಲಿ ನಿಂತರೆ ವ್ಯಾಜ್ಯವೂ ಅಷ್ಟೇ ಕಾಲ ಬಾಳುತ್ತದೆ.

ಸಾಮಗ್ರಿಯು ದೋಷಪೂರಿತವಾಗಿದ್ದಲ್ಲಿ ಮೊದಲು ಮಾರಾಟಗಾರರಿಗೆ ಲಿಖಿತವಾಗಿ ತಿಳಿಸುವುದು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರ ಮೇರೆಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಲು ಸಹ ಅವಕಾಶವಿದೆ. ದೂರಿನ ಕಾರಣ ಉದ್ಭವಿಸಿದ ದಿನಾಂಕದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಬಿಲ್ಲು ಹಾಗೂ ಕರಾರು ಪತ್ರಗಳು ಇದಕ್ಕೆ ಮುಖ್ಯ ಆಧಾರಗಳಾಗಿರುತ್ತವೆ.

12. ಕೊನೆಯ ಮಾತು

ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಗೋಡೆಯ ನೀರುಕಿಂಡಿಗಳು, ಚಾವಣಿಯ ದೋಣಿ, ಗೇಟಿನ ಬುಡ ಮತ್ತು ಸಂಪಿನ ಮುಚ್ಚಳಗಳನ್ನು ಒಮ್ಮೆ ಪರಿಶೀಲಿಸಿ ಸ್ವಚ್ಛಗೊಳಿಸಿದಲ್ಲಿ, ಬಹುತೇಕ ದುರಸ್ತಿಗಳನ್ನು ಸಣ್ಣ ವೆಚ್ಚದಲ್ಲೇ ಮುಗಿಸಬಹುದು. ಗೋಡೆ ವಾಲಿರುವುದು ಅಥವಾ ಉಬ್ಬಿರುವುದು ಕಂಡುಬಂದಲ್ಲಿ ತಡಮಾಡದೆ ಅದರ ಬಳಿ ಮಕ್ಕಳು ಆಡದಂತೆ, ವಾಹನ ನಿಲ್ಲದಂತೆ ಕ್ರಮ ವಹಿಸಿ, ನೆರೆಯವರಿಗೂ ತಿಳಿಸಿ, ಇಂಜಿನಿಯರರ ಸಲಹೆ ಪಡೆಯತಕ್ಕದ್ದು. ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಬೇಕೆಂದು ಕೋರಲಾಗಿದೆ.